ಹೆಬ್ಬಾರರ ರೇಖೆ

ನಮ್ಮ ತುಮಕೂರು, ಗುಬ್ಬಿ, ಕುಣಿಗಲು ಕಡೆಯ ಹಳಬರಿಗೆ ಚಿತ್ರವೆಂದರೆ ಎರಡೇ: ಗೋಡೆಯ ಮೇಲಿನ ರವಿವರ್ಮನ ಪಟ, ಗುಬ್ಬಿ ವೀರಣ್ಣನವರ ಕಂಪನಿಯಂಥ ನಾಟಕಮಂಡಲಿಗಳ ಪರದೆ. ಸಾಲುಕಂಬಗಳ ಅರಮನೆ ಹಿಂದೆ ಹಿಂದೆ ಸರಿದಂತೆ ಚಿಕ್ಕದಾಗುತ್ತ ಹೋಗುವ ಆ ಪರದೆಗಳನ್ನು ನಾವು ಅಪ್ಪಟ ದೇಶೀಯವೆಂದು ನಂಬಿದ್ದೆವು. ದೂರವನ್ನು ಹಾಗೆ ತೋರಿಸುವ ಉಪಾಯ ಮಾತ್ರ ಯೂರೋಪಿನಿಂದ ಬಂದದ್ದು! ಆದುದರಿಂದ, ಕೆ. ಕೆ. ಹೆಬ್ಬಾರರ ಚಿತ್ರದ ಅಚ್ಚನ್ನು ಕಂಡವರು "ಇದೇನು ನಮ್ಮ ಕಲೆಯೇ?" ಎಂದು ಕೇಳಿದಾಗಲೆಲ್ಲ ನನಗೆ ನಗು ಬರುತ್ತದೆ. ಆದರೆ ಪ್ರಶ್ನೆ ಹಗುರವಾದುದಲ್ಲ. ಹೆಬ್ಬಾರರೇ ಅದನ್ನು ಬಹುಕಾಲ ಹೊತ್ತು ನಡೆದರು.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಹುಟ್ಟಿದ್ದು 1911ರಲ್ಲಿ, ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ. ಯಕ್ಷಗಾನದ ಚೆಂಡೆ, ಭೂತದ ಕೋಲ ಇವುಗಳ ನಾಡು ಅದು. ಮೈಸೂರಿನಲ್ಲಿ ಕೆಲಕಾಲ ಕಲಿತು, ಮುಂಬಯಿಯ ಜೆ. ಜೆ. ಕಲಾಶಾಲೆ ಸೇರಿ, 1938ರಲ್ಲಿ ಶಿಕ್ಷಣ ಮುಗಿಸಿ, ಅನಂತರ ಅಲ್ಲಿಯೇ ಅಧ್ಯಾಪಕರಾದರು. ಕಂಡದ್ದನ್ನು ಕಂಡಂತೆ, ನೆರಳುಬೆಳಕು ತಪ್ಪದಂತೆ ಬರೆಯುವ ವಿದ್ಯೆ ಅವರಿಗೆ ಕೈಗತವಾಗಿತ್ತು. ಅಷ್ಟರಿಂದಲೇ ಸುಖವಾಗಿ ಬದುಕಬಹುದಿತ್ತು. ಅವರಿಗೆ ಅದು ಸಾಲದೆನಿಸಿತು.

ದಾರಿ ತೋರಿದವರಲ್ಲಿ ಒಬ್ಬಳು ಹಂಗೆರಿಯ ತಾಯಿಯ ಮಗಳು. ಅಮೃತಾ ಶೇರ್‌ಗಿಲ್ 1913ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಕಲಿತು, 1934ರಲ್ಲಿ ಭಾರತಕ್ಕೆ ಮರಳಿದಳು. ಅಜಂತೆಯನ್ನೂ ಕೊಚ್ಚಿಯ ಭಿತ್ತಿಚಿತ್ರಗಳನ್ನೂ ನೋಡಿಬಂದು, 1937ರಲ್ಲಿ ಸಂತೆಗೆ ಹೊರಟ ದಕ್ಷಿಣದ ಹಳ್ಳಿಗರನ್ನು ಬರೆದಳು. ಕಡಿಮೆ ಗೆರೆ, ತುಂಬು ಬಣ್ಣ, ಮಾತಿಲ್ಲದ ಮುಖಗಳು. 1941ರಲ್ಲಿ, ಇಪ್ಪತ್ತೆಂಟರ ಹರೆಯದಲ್ಲಿ, ಲಾಹೋರಿನಲ್ಲಿ ತೀರಿಕೊಂಡಳು. ಪಶ್ಚಿಮದ ಕಲಿಕೆಯನ್ನು ಬಿಸಾಡದೆಯೇ ಈ ಮಣ್ಣಿನ ಚಿತ್ರ ಬರೆಯಬಹುದೆಂಬುದಕ್ಕೆ ಆಕೆ ಸಾಕ್ಷಿಯಾಗಿದ್ದಳು. ಹೆಬ್ಬಾರರ ಕೇರಳದ ಚಿತ್ರಗಳಲ್ಲಿ ಆಕೆಯ ಛಾಯೆಯೂ ಫ್ರಾನ್ಸಿನ ಗೋಗ್ಯಾನನ ಬಣ್ಣವೂ ನಿಚ್ಚಳವಾಗಿವೆ.

ಅವರು ಅಲ್ಲಿಯೇ ನಿಂತಿದ್ದರೆ ಒಳ್ಳೆಯ ಅನುಯಾಯಿ ಎನಿಸಿಕೊಳ್ಳುತ್ತಿದ್ದರು, ಅಷ್ಟೆ. ನನ್ನ ದೃಷ್ಟಿಯಲ್ಲಿ ಅವರ ನಿಜವಾದ ಸಾಹಸ ಬೇರೆ. ಚಿತ್ರದಲ್ಲಿ ಲಯ ಬೇಕೆಂದು ಪಂಡಿತ ಸುಂದರ ಪ್ರಸಾದರ ಬಳಿ ಅವರು ಕಥಕ್ ನೃತ್ಯವನ್ನೇ ಕಲಿತರು! ಬೆಳೆದ ಗಂಡಸು, ಹೆಸರಾಂತ ಚಿತ್ರಗಾರ, ಕುಂಚ ಕೆಳಗಿಟ್ಟು ತತ್ಕಾರಕ್ಕೆ ಹೆಜ್ಜೆ ಹಾಕುವುದೆಂದರೆ ಸಂಕೋಚದ ಮಾತೇ. 1949-50ರಲ್ಲಿ ಪ್ಯಾರಿಸ್ಸಿನ ಜೂಲಿಯನ್ ಅಕಾಡೆಮಿಗೂ ಹೋಗಿಬಂದರು. ಆದರೆ ಪ್ಯಾರಿಸ್ಸಿಗಿಂತ ಗೆಜ್ಜೆಯೇ ಅವರಿಗೆ ಹೆಚ್ಚು ಕೊಟ್ಟಿತೆಂದು ನಾನು ತಿಳಿಯುತ್ತೇನೆ.

ಅದರ ಫಲವನ್ನು ಅವರ ರೇಖಾಚಿತ್ರಗಳಲ್ಲಿ ನೋಡಬೇಕು. 1964ರಲ್ಲಿ ಅವು ಪುಸ್ತಕವಾಗಿ ಬಂದಾಗ ಅದಕ್ಕೆ 'ಹಾಡುವ ರೇಖೆ' ಎಂಬರ್ಥದ ಹೆಸರನ್ನಿಟ್ಟರು. ನೆರಳಿಲ್ಲ, ಹಿನ್ನೆಲೆಯಿಲ್ಲ, ದೂರ ತೋರಿಸುವ ಉಪಾಯವೂ ಇಲ್ಲ.

1996ರಲ್ಲಿ ಮುಂಬಯಿಯಲ್ಲಿ ನಿಧನರಾಗುವ ಮುನ್ನ ತಮ್ಮ ಅನೇಕ ಕೃತಿಗಳನ್ನು ಅವರು ಕರ್ನಾಟಕಕ್ಕೆ ಕೊಟ್ಟರು. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯಲ್ಲಿ ಅವುಗಳಿಗೆ ಜಾಗವಾಯಿತು. ತುಮಕೂರಿನಿಂದ ಎಪ್ಪತ್ತು ಕಿಲೋಮೀಟರು. ಹೋದವರು ವರ್ಣಚಿತ್ರಗಳಿಗಿಂತ ಮೊದಲು ರೇಖೆಗಳ ಮುಂದೆ ನಿಲ್ಲಲಿ. ಗೆರೆ ಎಲ್ಲಿ ದಪ್ಪವಾಗುತ್ತದೆ, ಎಲ್ಲಿ ಕೂದಲೆಳೆಯಾಗುತ್ತದೆ ಎಂಬುದನ್ನಷ್ಟು ಗಮನಿಸಲಿ.