ದಂಪತಿ ಸಮಾಲೋಚನೆ: ಗುಟ್ಟು ಯಾರ ಸೊತ್ತು?

ಗಂಡ ಹೆಂಡತಿ ಜೊತೆಯಾಗಿ ಬಂದು ಕೂತಾಗ ಆಪ್ತಸಮಾಲೋಚಕರು ಯಾರ ಪರ? ವಕೀಲನಿಗೆ ಈ ತೊಡಕಿಲ್ಲ, ಅವನು ಒಬ್ಬರ ವಕಾಲತ್ತು ಹಾಕುತ್ತಾನೆ. ದಂಪತಿ ಚಿಕಿತ್ಸಕರಿಗೆ ಮಾತ್ರ ಇಬ್ಬರೂ ಬೇಕು, ಇಬ್ಬರ ಗುಟ್ಟೂ ಕಾಯಬೇಕು.

ಅಮೆರಿಕದಲ್ಲಿ ಈ ವೃತ್ತಿಯವರ ಸಂಘ ಹುಟ್ಟಿದ್ದು 1942ರಲ್ಲಿ. 1963ರಲ್ಲಿ ಕ್ಯಾಲಿಫೋರ್ನಿಯಾ ಮೊದಲಿಗೆ ಲೈಸೆನ್ಸ್ ಕಾನೂನು ತಂದಿತು. ಐವತ್ತೂ ರಾಜ್ಯಗಳು ಆ ದಾರಿಗೆ ಬರುವಷ್ಟರಲ್ಲಿ 2009 ಆಗಿತ್ತು.

ಗುಟ್ಟಿಗೂ ಒಂದು ಮಿತಿಯಿದೆ ಎಂದು ಹೇಳಿದ್ದು ಟ್ಯಾರಾಸಾಫ್ ಪ್ರಕರಣ. ಭಾರತದಿಂದ ಬರ್ಕ್ಲಿಗೆ ಓದಲು ಹೋಗಿದ್ದ ವಿದ್ಯಾರ್ಥಿಯೊಬ್ಬ, ತಾನು ಟ್ಯಾರಾಸಾಫ್ ಎಂಬ ಹುಡುಗಿಯನ್ನು ಕೊಲ್ಲುವೆನೆಂದು ಮನಶ್ಶಾಸ್ತ್ರಜ್ಞನ ಮುಂದೆ ಹೇಳಿದ. ಮನಶ್ಶಾಸ್ತ್ರಜ್ಞ ಕ್ಯಾಂಪಸ್ ಪೊಲೀಸರಿಗೆ ತಿಳಿಸಿದ. ಅವರು ವಿಚಾರಿಸಿ ಬಿಟ್ಟುಬಿಟ್ಟರು. ಹುಡುಗಿಗಾಗಲಿ ಹೆತ್ತವರಿಗಾಗಲಿ ಯಾರೂ ಒಂದು ಮಾತು ಹೇಳಲಿಲ್ಲ. 1969ರ ಅಕ್ಟೋಬರ್‌ನಲ್ಲಿ ಅವಳ ಕೊಲೆಯಾಯಿತು. ಅಪಾಯದಲ್ಲಿರುವವರನ್ನು ಎಚ್ಚರಿಸಬೇಕೆಂದು 1974ರಲ್ಲಿ ಹೇಳಿದ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್, 1976ರ ಮರುವಿಚಾರಣೆಯಲ್ಲಿ ಅದನ್ನು ರಕ್ಷಿಸುವ ಹೊಣೆಯಾಗಿ ಹಿಗ್ಗಿಸಿತು. 2004ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಬೆದರಿಕೆಯ ಮಾತು ರೋಗಿಯ ಬಾಯಿಂದಲೇ ಬರಬೇಕಿಲ್ಲ, ಅವನ ಅಪ್ಪ ಫೋನ್ ಮಾಡಿ ತಿಳಿಸಿದರೂ ಹೊಣೆ ಬೀಳುತ್ತದೆ. ಆ ಮೊಕದ್ದಮೆಯಲ್ಲಿ ಕಟಕಟೆಗೆ ಬಂದವರು ಕುಟುಂಬ ಚಿಕಿತ್ಸಕರೇ.

ಇವೆಲ್ಲ ಸಾವು ಬದುಕಿನ ಮಾತು. ದಿನನಿತ್ಯದ ಸಂಕಟವೇ ಬೇರೆ. ಹೆಂಡತಿ ಒಬ್ಬಳೇ ಬಂದ ದಿನ, "ನನಗೆ ಇನ್ನೊಬ್ಬರ ಜೊತೆ ಸಂಬಂಧವಿದೆ, ನನ್ನ ಗಂಡನಿಗೆ ಹೇಳಬೇಡಿ" ಎಂದಳೆನ್ನಿ. ಅಮೆರಿಕದ ಸಂಘದ ನೀತಿಸಂಹಿತೆಯಂತೆ ಅವಳ ಲಿಖಿತ ಒಪ್ಪಿಗೆಯಿಲ್ಲದೆ ಗಂಡನಿಗೆ ಹೇಳುವಂತಿಲ್ಲ. ಹಾಗೆಂದು ಮುಂದಿನ ವಾರ ಇಬ್ಬರ ಮುಂದೆ ಏನೂ ಗೊತ್ತಿಲ್ಲದವರಂತೆ ಕೂರುವುದು ಪ್ರಾಮಾಣಿಕವೇ? ಅದಕ್ಕೇ ಅನೇಕರು ಮೊದಲ ಭೇಟಿಯಲ್ಲೇ "ಒಬ್ಬರ ಗುಟ್ಟನ್ನು ಇನ್ನೊಬ್ಬರಿಂದ ಮುಚ್ಚಿಡುವುದಿಲ್ಲ" ಎಂದು ಬರೆದು ಇಬ್ಬರ ಸಹಿ ಪಡೆಯುತ್ತಾರೆ. ನನ್ನ ಲೆಕ್ಕದಲ್ಲಿ ಈ ಕ್ಷೇತ್ರದ ಅತ್ಯಂತ ಉಪಯುಕ್ತ ಕಾಗದ ಅದೇ. ಬೇರೆಯಾಗಬೇಕೋ ಕೂಡಿ ಬಾಳಬೇಕೋ ಎಂಬ ತೀರ್ಮಾನ ದಂಪತಿಯದೇ ಎಂದೂ ಅದೇ ಸಂಹಿತೆ ಹೇಳುತ್ತದೆ. "ಹೊಂದಿಕೊಂಡು ಹೋಗಮ್ಮ" ಎನ್ನುವ ನಮ್ಮ ಹಿರಿಯರ ಪಂಚಾಯಿತಿಗೆ ಇದು ರುಚಿಸಲಿಕ್ಕಿಲ್ಲ.

ನಮ್ಮಲ್ಲಿ 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆ ಕೋರ್ಟಿನೊಳಗೆ ಸಮಾಲೋಚಕರಿಗೆ ಸ್ಥಾನ ಕೊಟ್ಟಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೌಪ್ಯತೆಯನ್ನು ಹಕ್ಕಾಗಿಸಿ, ಬೇರೆಯವರಿಗೆ ಹಾನಿಯಾಗುವ ಸಂದರ್ಭವನ್ನು ಹೊರಗಿಟ್ಟಿತು. ಆದರೆ ಆ ಹಕ್ಕು ಮಾನಸಿಕ ಕಾಯಿಲೆಯವರಿಗೆ ಸೇರಿದ್ದು. ಜಗಳವಾಡುವ ದಂಪತಿ ಕಾಯಿಲೆಯವರಲ್ಲವಲ್ಲ! ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ಮಾತ್ರ ಗೊಂದಲವಿಲ್ಲ. 2012ರ ಪೋಕ್ಸೋ ಕಾಯ್ದೆ ಪ್ರಕಾರ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ಸಮಾಲೋಚಕರಿಗೂ ವಿನಾಯಿತಿಯಿಲ್ಲ.

ದಂಪತಿ ಚಿಕಿತ್ಸೆಗೆಂದೇ ಅಮೆರಿಕದಂಥ ಪ್ರತ್ಯೇಕ ಲೈಸೆನ್ಸ್ ನಮ್ಮಲ್ಲಿಲ್ಲ. ಹಾಗಾಗಿ ಮೊದಲ ಭೇಟಿಗೆ ಹೋದವರು ಫೀಸು ಕೇಳುವ ಮುಂಚೆ, ನಾನೊಬ್ಬನೇ ಹೇಳಿದ್ದನ್ನು ಏನು ಮಾಡುತ್ತೀರಿ, ನಾಳೆ ಕೋರ್ಟು ಕರೆದರೆ ಯಾರ ಪರ ಏನು ಹೇಳುತ್ತೀರಿ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.