ಕೊಡಗಿನ ಒಕ್ಕಗಳೂ ಹಾಕಿಯಾಟವೂ

ಮಹಾಭಾರತದ ಆದಿಪರ್ವದಲ್ಲಿ ದ್ರೋಣಾಚಾರ್ಯರು ಹಸ್ತಿನಾವತಿಗೆ ಬಂದ ಪ್ರಸಂಗವನ್ನು ವಾಚಕರು ಬಲ್ಲರು. ಕುರುಕುಮಾರರು ಊರ ಹೊರಗೆ ಆಡುತ್ತಿದ್ದಾಗ ಅವರ ಆಟದ ವಸ್ತುವು ಬಾವಿಯಲ್ಲಿ ಬಿದ್ದಿತು; ಹುಡುಗರು ಸುತ್ತಲೂ ನಿಂತು ಕೈಕೈ ಹಿಸುಕಿಕೊಳ್ಳುತ್ತಿರಲು, ಬಡಬ್ರಾಹ್ಮಣನೊಬ್ಬನು ಬಂದು ದರ್ಭೆಯ ಕಡ್ಡಿಗಳನ್ನು ಒಂದರ ಬಾಲಕ್ಕೊಂದು ತಾಗಿಸಿ ಅದನ್ನು ಮೇಲಕ್ಕೆ ತೆಗೆದನು. ಮೂಲದಲ್ಲಿ ಆ ವಸ್ತುವಿಗೆ ‘ವೀಟಾ’ ಎಂದು ಹೆಸರು. ಅದನ್ನು ಚೆಂಡೆಂದು ಹೇಳುವವರುಂಟು. ಆದರೆ ವ್ಯಾಖ್ಯಾನಕಾರನಾದ ನೀಲಕಂಠನು ಅದನ್ನು ಜವೆಯ ಕಾಳಿನ ಆಕಾರದ ಗೇಣುದ್ದದ ಮರದ ತುಂಡೆಂದೂ, ಹುಡುಗರು ಅದನ್ನು ದಂಡದಿಂದ ಹಾರಿಸುವರೆಂದೂ ವಿವರಿಸಿರುವನು. ನಮ್ಮ ಚಾಮರಾಜನಗರದ ಬೀದಿಯಲ್ಲಾಗಲಿ ಗುಂಡ್ಲುಪೇಟೆಯ ಬಯಲಿನಲ್ಲಾಗಲಿ ಚಿಣ್ಣಿದಾಂಡನ್ನು ಆಡಿ ಬೆಳೆದವರಿಗೆ ಈ ವಿವರಣೆಯ ಮೇಲೆ ಬೇರೆ ವ್ಯಾಖ್ಯಾನವು ಬೇಡ. ರಾಜಕುಮಾರರಿಗೆ ಗುರುವು ದೊರೆತುದು ಪಾಠಶಾಲೆಯಲ್ಲಲ್ಲ, ಆಟದ ಬಯಲಿನಲ್ಲಿ ಎಂಬುದು ಮಾತ್ರ ಗಮನಿಸತಕ್ಕ ಸಂಗತಿ.

ಕೋಲು ಹಿಡಿದು ಚೆಂಡನ್ನು ಹೊಡೆಯುವ ಆಟವು ನಮ್ಮ ನಾಡಿಗೆ ಪರಕೀಯವಲ್ಲವೆಂಬುದಕ್ಕೆ ಇನ್ನೂ ಸ್ಪಷ್ಟವಾದ ಸಾಕ್ಷ್ಯವುಂಟು. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವಾಜಿವಾಹ್ಯಾಳಿವಿನೋದವೆಂಬ ಪ್ರಕರಣವಿರುವುದು. ಸವಾರರು ಎರಡು ಪಕ್ಷವಾಗಿ ನಿಂತು, ಕುದುರೆಯ ಮೇಲಿಂದಲೇ ಕೋಲಿನಿಂದ ಚೆಂಡನ್ನು ಹೊಡೆಯುತ್ತ ಎದುರು ಪಕ್ಷದ ತೋರಣದ ಕಡೆಗೆ ಒಯ್ಯುವ ಕ್ರಮವನ್ನು ದೊರೆಯು ಅಲ್ಲಿ ವರ್ಣಿಸಿರುವನು. ಆ ತೋರಣವೇ ಈಗಿನವರು ಗೋಲೆಂದು ಕರೆಯುವುದು. ಆದರೆ ಅದು ಅರಸರ ವಿನೋದ. ಕುದುರೆಯುಳ್ಳವನಿಗೆ ಮಾತ್ರ ದಕ್ಕುವ ಆಟ. ಒಕ್ಕಲು ಮನೆಯ ಹುಡುಗನು ಬರಿಗಾಲಿನಲ್ಲಿ ಓಡಿ ಆಡಬಹುದಾದ ಹಾಕಿಯು ಕನ್ನಡನಾಡಿನ ಒಂದು ಮೂಲೆಯಲ್ಲಿ ಮನೆಮನೆಯ ಆಟವಾದುದು ಬಹಳ ಈಚಿನ ಕಥೆ. ಆ ಮೂಲೆಯೇ ಕೊಡಗು.

೧೮೩೪ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತನನ್ನಾಗಿ ಮಾಡಿ ಇಂಗ್ಲಿಷರು ಕೊಡಗನ್ನು ತಮ್ಮ ಆಡಳಿತಕ್ಕೆ ಸೇರಿಸಿಕೊಂಡರು. ಅಲ್ಲಿಂದ ಮುಂದೆ ಕಾಫಿಯ ತೋಟಗಳೂ, ಇಂಗ್ಲಿಷ್ ಶಾಲೆಗಳೂ, ಸೈನ್ಯದ ಉದ್ಯೋಗವೂ ಆ ಬೆಟ್ಟದ ನಾಡಿಗೆ ಬಂದುವು. ಹಾಕಿಯು ಆ ಕಾಲದ ದಂಡುಗಳಲ್ಲಿಯೂ ಶಾಲೆಗಳಲ್ಲಿಯೂ ಪ್ರಚುರವಾಗಿದ್ದ ಆಟ. ದಂಡಿನಲ್ಲಿ ಕಲಿತವನು ರಜೆಯ ಮೇಲೆ ಊರಿಗೆ ಬಂದಾಗ ಗದ್ದೆಯ ಕೊಯ್ಲು ಮುಗಿದ ಬಯಲಿನಲ್ಲಿ ತಮ್ಮಂದಿರಿಗೂ ಅಳಿಯಂದಿರಿಗೂ ಕಲಿಸಿದನು. ಬೆಲೆಯುಳ್ಳ ದಾಂಡು ದೊರೆಯದ ಕಡೆ ಬಾಗಿದ ಮರದ ಕೊಂಬೆಯೇ ದಾಂಡಾಯಿತು. ೧೯೨೮ರಲ್ಲಿ ಆಮ್‌ಸ್ಟರ್‌ಡಾಮಿನ ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತವು ಮೊದಲ ಬಾರಿಗೆ ಸ್ವರ್ಣಪದಕವನ್ನು ಗಳಿಸಿದ ಮೇಲೆ ದೇಶದಲ್ಲೆಲ್ಲ ಈ ಆಟಕ್ಕೆ ಗೌರವವು ಹೆಚ್ಚಿತು. ಕೊಡಗಿನಲ್ಲಿ ಆ ಗೌರವವು ಕುಲಗೌರವದೊಡನೆ ಬೆರೆಯಿತು.

ಕುಲವೆಂದರೆ ಅಲ್ಲಿ ‘ಒಕ್ಕ’. ಒಬ್ಬ ಮೂಲಪುರುಷನಿಂದ ಗಂಡುಸಂತತಿಯ ಮೂಲಕ ಇಳಿದುಬಂದವರೆಲ್ಲರೂ ಒಂದು ಒಕ್ಕದವರು. ಅವರಿಗೆ ಒಂದು ಹೆಸರು, ಒಂದು ಐನ್‌ಮನೆ, ಒಬ್ಬ ಪಟ್ಟೆದಾರ, ಕಾರಣವನೆಂಬ ಮೂಲಪುರುಷನ ಪೂಜೆ. ನಡಿಕೇರಿಯಂಡ ಚಿಣ್ಣಪ್ಪನವರು ೧೯೨೪ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯಲ್ಲಿ ಈ ಒಕ್ಕಗಳ ನಡೆನುಡಿಗಳನ್ನೂ ಹಾಡುಗಳನ್ನೂ ಸಂಗ್ರಹಿಸಿರುವರು, ಅದನ್ನು ಓದಿದವರಿಗೆ ವ್ಯಕ್ತಿಯ ಹೆಸರಿಗಿಂತ ಒಕ್ಕದ ಹೆಸರು ಏಕೆ ಮುಂದೆ ನಿಲ್ಲುವುದೆಂಬುದು ತಿಳಿದೀತು. ಭಾರತೀಯ ಸೇನೆಯ ಮೊದಲನೆಯ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರೂ, ಆಮೇಲೆ ಅದೇ ಪದವಿಗೇರಿದ ತಿಮ್ಮಯ್ಯನವರೂ ಕೊಡಂದೇರ ಎಂಬ ಒಂದೇ ಒಕ್ಕದವರು. ಭಾದ್ರಪದದ ಸುಮಾರಿಗೆ ಬರುವ ಕೈಲ್‌ಪೊಳ್ದಿನಲ್ಲಿ ಆಯುಧಗಳನ್ನು ಪೂಜಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂಥವನ್ನು ನಡೆಯಿಸುವ ಜನಕ್ಕೆ ದೇಹದಾರ್ಢ್ಯವೂ ಸ್ಪರ್ಧೆಯೂ ಹಬ್ಬದ ಅಂಗಗಳೇ.

ಆದರೆ ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಒಕ್ಕಗಳು ಚೆದುರಿದ್ದುವು. ಮಕ್ಕಳು ಬೆಂಗಳೂರಿಗೂ ಪರದೇಶಗಳಿಗೂ ಹೋದರು; ಐನ್‌ಮನೆಗಳಲ್ಲಿ ಮುದುಕರು ಮಾತ್ರ ಉಳಿದರು; ಒಂದೇ ಒಕ್ಕದ ದಾಯಾದಿಗಳು ದಾರಿಯಲ್ಲಿ ಎದುರಾದರೂ ಗುರುತು ಹಿಡಿಯದಂತಾಯಿತು. ಈ ನೋವು ಕೊಡಗಿಗೆ ಮಾತ್ರ ಸೇರಿದುದಲ್ಲ. ಆದರೆ ಅದಕ್ಕೆ ಮದ್ದನ್ನು ಆಟದಲ್ಲಿ ಹುಡುಕಿದವರು ಪಾಂಡಂಡ ಕುಟ್ಟಪ್ಪನವರು. ಬ್ಯಾಂಕಿನ ಉದ್ಯೋಗದಿಂದ ನಿವೃತ್ತರಾಗಿದ್ದ ಅವರು ಹಾಕಿಯ ತೀರ್ಪುಗಾರರಾಗಿಯೂ ಅನುಭವವುಳ್ಳವರು. ಒಕ್ಕಕ್ಕೊಂದು ತಂಡ, ತಂಡದಲ್ಲಿ ಆ ಒಕ್ಕದವರಲ್ಲದೆ ಬೇರೆಯವರಿಲ್ಲ ಎಂಬ ಸರಳವಾದ ನಿಯಮವನ್ನಿಟ್ಟು, ೧೯೯೭ರಲ್ಲಿ ಕರಡ ಗ್ರಾಮದಲ್ಲಿ ಮೊದಲನೆಯ ಪಂದ್ಯಾವಳಿಯನ್ನು ನಡೆಯಿಸಿದರು. ಅರುವತ್ತು ಒಕ್ಕಗಳು ಬಂದುವು. ಅದೇ ವರ್ಷವೇ ಚಾಮರಾಜನಗರವು ಮೈಸೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದುದು. ಎರಡಕ್ಕೂ ಸಂಬಂಧವೇನೂ ಇಲ್ಲದಿದ್ದರೂ ವಯಸ್ಸಿನ ಲೆಕ್ಕಕ್ಕೆ ನೆನಪಿಡಲು ಅನುಕೂಲ.

ಮೊದಲನೆಯ ವರ್ಷದ ಬಟ್ಟಲಿಗೆ ಪಾಂಡಂಡ ಕಪ್ ಎಂದು ಹೆಸರಾಯಿತು. ಆಮೇಲೆ ವರ್ಷಕ್ಕೊಂದು ಒಕ್ಕವು ಮುಂದೆ ಬಂದು ಆತಿಥ್ಯವನ್ನು ವಹಿಸುವುದೂ, ಆ ವರ್ಷದ ಉತ್ಸವವು ಆ ಒಕ್ಕದ ಹೆಸರಿನಿಂದ ಕರೆಯಲ್ಪಡುವುದೂ ವಾಡಿಕೆಯಾಯಿತು. ಈ ಏರ್ಪಾಡಿನಲ್ಲಿ ಒಂದು ಜಾಣ್ಮೆಯಿದೆ. ಗೆಲ್ಲಲಾರದ ಸಣ್ಣ ಒಕ್ಕಕ್ಕೂ ನಡೆಯಿಸಿದ ಕೀರ್ತಿಯು ದಕ್ಕುವುದು. ಮಾತ್ರವಲ್ಲ, ತಿಂಗಳುಗಟ್ಟಲೆ ಮೊದಲೇ ಹಣ ಕೂಡಿಸಬೇಕು, ಮೈದಾನ ಸಮಮಾಡಬೇಕು, ಊಟದ ವ್ಯವಸ್ಥೆ ಮಾಡಬೇಕು ಎಂದಾಗ ಮಾತುಬಿಟ್ಟಿದ್ದ ದಾಯಾದಿಗಳು ಒಂದೇ ಚಾವಡಿಯಲ್ಲಿ ಕುಳಿತುಕೊಳ್ಳಲೇಬೇಕಾಗುವುದು. ಏಪ್ರಿಲ್ ಮೇ ತಿಂಗಳುಗಳಲ್ಲಿ, ಶಾಲೆಗಳಿಗೆ ರಜೆಯಿರುವಾಗ, ಮಳೆಗಾಲಕ್ಕೆ ಮುಂಚೆ, ಸುಮಾರು ಒಂದು ತಿಂಗಳ ಕಾಲ ಆಟವು ನಡೆಯುವುದು. ೨೦೧೮ರಲ್ಲಿ ನಾಪೋಕ್ಲಿನಲ್ಲಿ ಕುಲ್ಲೇಟಿರ ಒಕ್ಕದವರು ನಡೆಯಿಸಿದರು. ಅದೇ ವರ್ಷದ ಆಗಸ್ಟಿನಲ್ಲಿ ಬೆಟ್ಟಗಳು ಕುಸಿದು ಕೊಡಗಿಗೆ ಮಹಾವಿಪತ್ತು ಬಂದಿತು. ಅದರ ಹಿಂದೆಯೇ ಕೋವಿಡ್ ಮಹಾಮಾರಿ. ನಾಲ್ಕು ವರ್ಷ ನಿಂತಿದ್ದ ಉತ್ಸವವು ೨೦೨೩ರಲ್ಲಿ ಅಪ್ಪಚೆಟ್ಟೋಳಂಡ ಒಕ್ಕದ ಆತಿಥ್ಯದಲ್ಲಿ ಮತ್ತೆ ಆರಂಭವಾದಾಗ ೩೩೬ ಒಕ್ಕಗಳು ಸೇರಿದುವು. ೨೦೨೪ರ ಕುಂಡ್ಯೋಳಂಡ ಕಪ್ಪಿಗೆ ೩೬೦ ಒಕ್ಕಗಳು ಬಂದು, ಗಿನ್ನೆಸ್ ದಾಖಲೆಯಲ್ಲಿ ಅದಕ್ಕೆ ಸ್ಥಾನ ದೊರೆಯಿತು. ೨೦೨೫ರಲ್ಲಿ ಮಡಿಕೇರಿಯ ಮುದ್ದಂಡ ಕಪ್ಪಿನಲ್ಲಿ ೩೯೬.

ಈ ಸಂಖ್ಯೆಗಳಿಗಿಂತಲೂ ತಂಡಗಳ ಒಳಗಿನ ರಚನೆಯು ಹೆಚ್ಚು ಸ್ವಾರಸ್ಯವಾದುದು. ವಯಸ್ಸಿನ ಕಟ್ಟಿಲ್ಲ. ಎಪ್ಪತ್ತು ದಾಟಿದ ಅಜ್ಜನೂ, ಶಾಲೆಗೆ ಹೋಗುವ ಮೊಮ್ಮಗನೂ, ದಂಡಿನಿಂದ ರಜೆಗೆ ಬಂದ ತರುಣನೂ ಒಂದೇ ಅಂಗಿ ತೊಟ್ಟು ನಿಲ್ಲುವರು. ಗಂಡಸರೊಡನೆ ಹೆಂಗಸರೂ ಆಡುವರು; ಮದುವೆಯಾದ ಹೆಣ್ಣುಮಗಳು ಗಂಡನ ಒಕ್ಕದಲ್ಲಾಗಲಿ ತವರಿನ ಒಕ್ಕದಲ್ಲಾಗಲಿ ಆಡಲು ಅವಕಾಶವುಂಟು. ಹೆಣ್ಣು ಕೊಟ್ಟ ಮೇಲೆ ಕುಲದ ಹೊರಗೆಂದು ಲೆಕ್ಕಹಾಕುವ ನಮ್ಮ ಬಯಲುಸೀಮೆಯ ಮನೆಗಳು ಇದನ್ನು ಸ್ವಲ್ಪ ನಿಂತು ನೋಡತಕ್ಕುದು.

ಹಿರಿಯರ ಜೊತೆಯಲ್ಲಿ ಆಡುವ ಹುಡುಗನಿಗೆ ಲಾಭಗಳು ಪ್ರತ್ಯಕ್ಷವಾಗಿವೆ. ಚೆಂಡನ್ನು ತಾನೇ ಇಟ್ಟುಕೊಳ್ಳದೆ ಯಾವಾಗ ಕೊಡಬೇಕು, ತೀರ್ಪುಗಾರನ ಸೀಟಿಗೆ ಹೇಗೆ ತಲೆಬಾಗಬೇಕು, ಸೋತ ಮೇಲೆ ಎದುರಿನವರ ಮನೆಯಲ್ಲಿ ಹೇಗೆ ಉಣ್ಣಬೇಕು ಎಂಬುದನ್ನು ಯಾವ ಪುಸ್ತಕವೂ ಹೇಳಿಕೊಡಲಾರದು. ಆದರೆ ದೋಷಗಳನ್ನೂ ಮರೆಮಾಡಬಾರದು. ಹಾಕಿಯ ಚೆಂಡು ಕಲ್ಲಿನಂತೆ ಗಟ್ಟಿ. ಪ್ರಾಯದವನೊಬ್ಬನು ಬಲವಾಗಿ ಬೀಸಿದ ಹೊಡೆತವು ಹನ್ನೊಂದು ವರ್ಷದ ಹುಡುಗನ ಹಲ್ಲಿಗೋ ಮೊಣಕಾಲಿಗೋ ತಾಗಿದರೆ ಒಕ್ಕದ ಕೀರ್ತಿಯು ಅದಕ್ಕೆ ಔಷಧವಾಗುವುದಿಲ್ಲ. ಅದಕ್ಕಿಂತ ಸೂಕ್ಷ್ಮವಾದ ಗಾಯವೂ ಉಂಟು. ತಪ್ಪು ಮಾಡಿದವನು ತನ್ನ ಹೆಸರಿಗಲ್ಲ, ಮುತ್ತಜ್ಜನ ಹೆಸರಿಗೆ ಕಳಂಕ ತಂದೆನೆಂದು ಕುಗ್ಗುವನು. ಮೈದಾನದ ಅಂಚಿನಲ್ಲಿ ನಿಂತು ಕೂಗುವ ಚಿಕ್ಕಪ್ಪ ದೊಡ್ಡಪ್ಪಂದಿರು ಮನೆಯ ಊಟದ ಸಾಲಿನಲ್ಲಿಯೂ ಅದನ್ನೇ ಎತ್ತಿದರೆ ಹುಡುಗನು ಮರುವರ್ಷ ದಾಂಡು ಹಿಡಿಯನು. ಕುಲಾಭಿಮಾನವು ಮಗುವಿಗೆ ಬೆನ್ನಮೇಲಿನ ಕೈಯಾಗಬಹುದು, ಬೆನ್ನಮೇಲಿನ ಮೂಟೆಯೂ ಆಗಬಹುದು.

ಇದೇ ಪ್ರಶ್ನೆಯನ್ನು ದೂರದೇಶದವರು ಬೇರೊಂದು ಬಗೆಯ ಹಾಕಿಯಲ್ಲಿ ಎದುರಿಸಬೇಕಾಯಿತು. ಕೆನಡಾ ದೇಶದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ, ಕಾಲಿಗೆ ಉಕ್ಕಿನ ಅಲಗು ಕಟ್ಟಿಕೊಂಡು ಆಡುವ ಹಿಮಹಾಕಿಯು ಮನೆಮನೆಯ ಆಟ. ೧೮೭೫ರಲ್ಲಿ ಮಾಂಟ್ರಿಯಲ್ ನಗರದ ಒಳಾಂಗಣದಲ್ಲಿ ನಡೆದ ಪಂದ್ಯದಿಂದ ಅದರ ವ್ಯವಸ್ಥಿತ ಚರಿತ್ರೆಯನ್ನು ಎಣಿಸುವರು. ಅಲ್ಲಿ ಚೆಂಡಿನ ಬದಲು ರಬ್ಬರಿನ ಬಿಲ್ಲೆ. ಪಕ್ಷಕ್ಕೆ ಹನ್ನೊಂದು ಮಂದಿಯ ಬದಲು ಆರು ಮಂದಿ. ಎದುರಾಳಿಯನ್ನು ಮೈಯಿಂದ ತಳ್ಳಿ ಕೆಡಹುವುದು ದೊಡ್ಡವರ ಆಟದಲ್ಲಿ ನ್ಯಾಯವೇ. ಹುಡುಗರ ತಲೆಗೆ ಪೆಟ್ಟಾಗುವುದು ಹೆಚ್ಚಿದುದನ್ನು ಕಂಡು ಅಮೆರಿಕದವರು ೨೦೧೧ರಲ್ಲಿಯೂ ಕೆನಡಾದವರು ೨೦೧೩ರಲ್ಲಿಯೂ ಹನ್ನೊಂದು ಹನ್ನೆರಡು ವಯಸ್ಸಿನವರ ಪಂದ್ಯಗಳಲ್ಲಿ ಹಾಗೆ ತಳ್ಳುವುದನ್ನು ನಿಷೇಧಿಸಿದರು. ಇನ್ನೂ ಎಳೆಯ ಮಕ್ಕಳಿಗೆ ಮೈದಾನವನ್ನೇ ಅಡ್ಡಲಾಗಿ ಭಾಗಿಸಿ ಚಿಕ್ಕದು ಮಾಡಿಕೊಡುವ ಪದ್ಧತಿಯೂ ಅಲ್ಲಿದೆ. ಆಟವು ಮಗುವಿನ ಅಳತೆಗೆ ಬರಬೇಕಲ್ಲದೆ ಮಗುವು ಆಟದ ಅಳತೆಗೆ ಎಳೆಯಲ್ಪಡಬಾರದೆಂದು ಅವರು ಬಹುಕಾಲದ ಮೇಲೆ ಕಂಡುಕೊಂಡರು. ನಮ್ಮ ದೇಶದಲ್ಲಿಯೂ ಲಡಾಖಿನ ಲೇಹದಲ್ಲಿ ಚಳಿಗಾಲದ ಕೊಳಗಳ ಮೇಲೆ ಈ ಆಟವುಂಟು. ಕನ್ನಡನಾಡಿನಲ್ಲಿ ಹೆಪ್ಪುಗಟ್ಟುವ ಕೆರೆಯಿಲ್ಲ. ಗೋಪಾಲಸ್ವಾಮಿ ಬೆಟ್ಟದ ಮಂಜು ಕಣ್ಣಿಗೆ ತಂಪೇ ಹೊರತು ಕಾಲಿಗೆ ಆಧಾರವಾಗದು. ಆದರೂ ಆ ನಿಯಮದ ತಿರುಳನ್ನು ಬಿಸಿಲುನಾಡಿನವರು ಎರವಲು ಪಡೆಯಲು ಅಡ್ಡಿಯೇನು?

ಒಕ್ಕದ ಆಟವು ಆಟಗಾರರ ಹುಟ್ಟೂರಾದರೂ ಅದೊಂದರಿಂದಲೇ ಆಟಗಾರನು ಪೂರ್ಣನಾಗುವುದಿಲ್ಲ. ೧೯೭೬ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹುಲ್ಲುಹಾಸಿನ ಮೇಲೆ ಆಡಿಸಿದರು. ಆ ದಿನದಿಂದ ಗದ್ದೆಯ ಬಯಲಿನಲ್ಲಿ ಕಲಿತ ಕೈಚಳಕಕ್ಕೆ ಬೆಲೆ ತಗ್ಗಿ, ವೇಗಕ್ಕೂ ಉಸಿರಿನ ಕಸುವಿಗೂ ಬೆಲೆ ಏರಿತು. ಹಳ್ಳಿಯ ಹುಡುಗನು ಹಾಸು ಇರುವ ಕಡೆಗೆ ಹೋಗಲೇಬೇಕಾಯಿತು. ಕೂಡಿಗೆಯ ಕ್ರೀಡಾಶಾಲೆ, ಪೊನ್ನಂಪೇಟೆ ಮಡಿಕೇರಿಗಳ ಕ್ರೀಡಾ ವಿದ್ಯಾರ್ಥಿನಿಲಯಗಳು ಈ ಕೊರತೆಯನ್ನು ತುಂಬಲು ಇರುವಂಥವು. ಅದಕ್ಕೂ ಹಿಂದಿನ ತಲೆಮಾರಿನಲ್ಲಿ ಎಂ. ಪಿ. ಗಣೇಶರು ೧೯೭೩ರ ವಿಶ್ವಕಪ್ಪಿನಲ್ಲಿ ಭಾರತ ತಂಡದ ನಾಯಕರಾಗಿದ್ದರು, ಬಿ. ಪಿ. ಗೋವಿಂದರು ೧೯೭೫ರಲ್ಲಿ ವಿಶ್ವಕಪ್ಪನ್ನು ಗೆದ್ದ ತಂಡದಲ್ಲಿದ್ದರು, ಎಂ. ಎಂ. ಸೋಮಯ್ಯನವರು ೧೯೮೦ರ ಮಾಸ್ಕೋ ಸ್ವರ್ಣದಲ್ಲಿ ಪಾಲುಗೊಂಡು, ೧೯೮೮ರ ಸೋಲ್ ಒಲಿಂಪಿಕ್ಸಿಗೆ ತಂಡವನ್ನು ಕರೆದೊಯ್ದರು. ಇವರೆಲ್ಲರೂ ಒಕ್ಕಗಳ ಉತ್ಸವಕ್ಕೆ ಮುಂಚಿನವರೆಂಬುದನ್ನು ಮರೆಯಬಾರದು. ಉತ್ಸವವು ಆಟವನ್ನು ಹುಟ್ಟಿಸಲಿಲ್ಲ. ಆರಿಹೋಗಬಹುದಾಗಿದ್ದ ಒಲೆಗೆ ಕಟ್ಟಿಗೆಯಿಟ್ಟಿತು. ಒಕ್ಕದ ಬೆಂಬಲವಿಲ್ಲದವರಿಗೂ ಆ ಮಣ್ಣಿನಲ್ಲಿ ದಾರಿಯಿದ್ದುದಕ್ಕೆ ಸೋಮವಾರಪೇಟೆಯ ಎಸ್. ವಿ. ಸುನಿಲರೇ ನಿದರ್ಶನ. ಬಡಗಿಯೊಬ್ಬರ ಮಗನಾದ ಅವರು ೨೦೧೨ರಲ್ಲಿಯೂ ೨೦೧೬ರಲ್ಲಿಯೂ ಒಲಿಂಪಿಕ್ಸಿನಲ್ಲಿ ಭಾರತದ ಪರವಾಗಿ ಆಡಿದರು.

ಗುಂಡ್ಲುಪೇಟೆಯಿಂದ ಕೊಡಗಿನ ಗಡಿಯು ಬಹಳ ದೂರವಲ್ಲ. ನಡುವೆ ಹೆಗ್ಗಡದೇವನಕೋಟೆಯ ಕಾಡಂಚು. ಆದರೂ ಈ ಆಟವು ಆ ಕಾಡನ್ನು ದಾಟಿ ಇತ್ತ ಮನೆಮನೆಯ ಆಟವಾಗಲಿಲ್ಲ. ಇತ್ತಣ ರಾಗಿಜೋಳದ ನಾಡಿನಲ್ಲಿ ಶರೀರಸಾಧನೆಗೆ ಇದ್ದುದು ಗರಡಿ. ಕೆಮ್ಮಣ್ಣಿನ ಅಖಾಡ, ಹನುಮಂತನ ಪಟ, ಗದೆ, ಸಾಮು: ಅಲ್ಲಿ ಗುರುವು ಉಸ್ತಾದನು, ತಂದೆಯಲ್ಲ. ತಂದೆಯು ಮಗನನ್ನು ಗರಡಿಗೆ ಒಪ್ಪಿಸಿ ಹೊರಗೆ ನಿಲ್ಲುವನು. ಈ ದೂರವು ಒಂದು ದೃಷ್ಟಿಯಿಂದ ಒಳ್ಳೆಯದು. ಸೋಲುಗೆಲವುಗಳು ಮನೆಯ ಹೊಸ್ತಿಲನ್ನು ಅಷ್ಟಾಗಿ ದಾಟುವುದಿಲ್ಲ. ಆದರೆ ಗರಡಿಯು ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಲಿಲ್ಲ, ಓದುವ ಮನೆಗಳ ಹುಡುಗರೂ ಅತ್ತ ಸುಳಿದುದು ಕಡಮೆ. ಅಕ್ಷರವುಳ್ಳವನಿಗೆ ಬೆವರು ಒಲ್ಲದು ಎಂಬ ಭ್ರಮೆ ಎಂದು ಹುಟ್ಟಿತೋ! ಅರಿಕುಠಾರವೆಂಬ ಊರಿಗೆ ತಮ್ಮ ತಂದೆಯ ಹೆಸರನ್ನಿಟ್ಟು ೧೮೧೮ರಲ್ಲಿ ಚಾಮರಾಜನಗರವನ್ನಾಗಿ ಮಾಡಿದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಅಂಥ ಭ್ರಮೆಯಿರಲಿಲ್ಲ. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ದೇವತಾಧ್ಯಾನಗಳ ಜೊತೆಯಲ್ಲಿಯೇ ೧೨೨ ಆಸನಗಳ ಚಿತ್ರಗಳಿವೆ, ಹಗ್ಗವನ್ನು ಹಿಡಿದು ಮಾಡುವ ಸಾಧನೆಗಳೂ ಅವುಗಳಲ್ಲಿ ಸೇರಿವೆ.

ಕೊಡಗಿನಲ್ಲಿಯೂ ತಾಯಂದಿರ ಅಳುಕು ಇಲ್ಲದಿಲ್ಲ. ಪರೀಕ್ಷೆಯ ಅಂಕಗಳ ಲೆಕ್ಕ ಅಲ್ಲಿಯೂ ನಡೆಯುವುದು. ಆದರೆ ಉತ್ಸವವು ಬೇಸಗೆಯ ರಜೆಯಲ್ಲಿ ಬರುವುದರಿಂದ ಓದಿಗೂ ಆಟಕ್ಕೂ ಜಗಳ ಕಡಮೆ. ಒಕ್ಕಗಳ ಈ ಮಾದರಿಯನ್ನು ಅಲ್ಲಿಯ ಇತರ ಸಮಾಜದವರೂ ಅನುಸರಿಸಿ, ಅರೆಭಾಷೆಯ ಗೌಡ ಕುಟುಂಬಗಳು ಕ್ರಿಕೆಟ್ ಪಂದ್ಯಗಳನ್ನು ಏರ್ಪಡಿಸುತ್ತ ಬಂದಿರುವರು. ಎಂದಮೇಲೆ ಇದು ಒಂದು ಜನಾಂಗದ ರಕ್ತಗುಣವಲ್ಲ, ಏರ್ಪಾಟಿನ ಗುಣ.

ಕುಟ್ಟಪ್ಪನವರು ೨೦೨೦ರಲ್ಲಿ ತೀರಿಕೊಂಡರು. ಉತ್ಸವವು ಆಗ ನಿಂತಿದ್ದ ಕಾಲ. ಮೂರು ವರ್ಷಗಳ ಬಳಿಕ ನಾಪೋಕ್ಲಿನ ಮೈದಾನದಲ್ಲಿ ಒಕ್ಕಗಳು ಮತ್ತೆ ದಾಂಡು ಹಿಡಿದು ನಿಂತಾಗ, ಕರಡದ ಮೊದಲ ವರ್ಷ ಹುಟ್ಟಿದ್ದ ಕೂಸುಗಳಿಗೆ ಇಪ್ಪತ್ತಾರು ವಯಸ್ಸಾಗಿತ್ತು.