ಕಡಲಾಚೆಯ ದಿನಸಿ

ಊರು ಬಿಟ್ಟು ಪರದೇಶಕ್ಕೆ ಹೋದ ಭಾರತೀಯರ ಕಥೆಯಲ್ಲಿ ಅಡುಗೆಮನೆಯ ಭಾಗವನ್ನು ಹೇಳುವ ಒಂದು ರೂಢಿ ಇದೆ. ಹೋದಲ್ಲೆಲ್ಲ ಜನ ತೊಗರಿಬೇಳೆ, ಹುಣಸೆ, ಇಂಗು, ಕರಿಬೇವಿಗಾಗಿ ಹಂಬಲಿಸಿದರು, ಹಂಬಲವೇ ಬೇಡಿಕೆಯಾಯಿತು, ಬೇಡಿಕೆಯಿಂದ ಅಂಗಡಿ ಹುಟ್ಟಿತು ಎಂದು ಆ ಕಥೆ ಸಾಗುತ್ತದೆ. ಕೇಳಲು ಹಿತವಾಗಿದ್ದರೂ ಇದನ್ನು ಚರಿತ್ರೆಯೊಂದಿಗೆ ತಾಳೆ ನೋಡಿದರೆ ಲೆಕ್ಕ ಸರಿಹೋಗುವುದಿಲ್ಲ. ಹಂಬಲಕ್ಕೆ ಯಾವ ತಲೆಮಾರಿನಲ್ಲೂ ಕೊರತೆಯಿರಲಿಲ್ಲ. ದಿನಸಿ ಮಾತ್ರ ಕೆಲವರಿಗೆ ಸಿಕ್ಕಿತು, ಕೆಲವರಿಗೆ ಸಿಗಲೇ ಇಲ್ಲ. ಲಕ್ಷಗಟ್ಟಲೆ ಜನ ಹೋಗಿ ನೆಲೆಸಿದ ಕಡೆ ಊರಿನ ಬೇಳೆ ಮರೆತುಹೋಯಿತು. ಬೆರಳೆಣಿಕೆಯ ಭಾರತೀಯರಿದ್ದ ನಗರದಲ್ಲಿ ಮಸಾಲೆಯ ಅಂಗಡಿ ಬಾಗಿಲು ತೆರೆದಿತ್ತು. ಈ ವ್ಯತ್ಯಾಸಕ್ಕೆ ಕಾರಣವನ್ನು ವಲಸಿಗರ ನಾಲಿಗೆಯಲ್ಲಿ ಹುಡುಕಿ ಫಲವಿಲ್ಲ. ಅವರು ಯಾವ ಕಾನೂನಿನ ಅಡಿಯಲ್ಲಿ ಹೋದರು, ಅವರ ಪಕ್ಕದಲ್ಲಿ ವ್ಯಾಪಾರ ಬಲ್ಲವರು ಇದ್ದರೇ ಎಂದು ಕೇಳಿದರೆ ಉತ್ತರ ಸಿಗುತ್ತದೆ.

ಮೊದಲು ಕಬ್ಬಿನ ತೋಟಗಳನ್ನು ನೋಡೋಣ. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದಾದ ಮೇಲೆ ತೋಟದ ಮಾಲೀಕರಿಗೆ ಕರಾರಿನ ಕೂಲಿಗಳು ಬೇಕಾದರು. 1834ರಲ್ಲಿ ಮಾರಿಷಸ್ಸಿಗೆ, 1838ರಲ್ಲಿ ಬ್ರಿಟಿಷ್ ಗಯಾನಾಕ್ಕೆ, 1845ರಲ್ಲಿ ಟ್ರಿನಿಡಾಡಿಗೆ, 1879ರಲ್ಲಿ ಫಿಜಿಗೆ ಹಡಗುಗಳು ಹೊರಟವು. ಮಾರಿಷಸ್ಸೊಂದಕ್ಕೇ ಸುಮಾರು ನಾಲ್ಕೂವರೆ ಲಕ್ಷ ಜನ, ಟ್ರಿನಿಡಾಡಿಗೆ ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಜನ ಹೋದರು. ಇವರು ಏನು ಉಣ್ಣಬೇಕು ಎಂಬುದು ಕರಾರುಪತ್ರದಲ್ಲೇ ಬರೆದಾಗಿತ್ತು. ಫಿಜಿಯ ಕರಾರಿನಂತೆ ತೋಟಕ್ಕೆ ಬಂದ ಮೊದಲ ಆರು ತಿಂಗಳು ಸರ್ಕಾರ ಗೊತ್ತುಮಾಡಿದ ಪ್ರಮಾಣದ ಪಡಿಯನ್ನು ಮಾಲೀಕ ಕೊಡಬೇಕು, ಅದಕ್ಕಾಗಿ ದಿನಕ್ಕೆ ನಾಲ್ಕು ಪೆನ್ಸ್ ಮುರಿದುಕೊಳ್ಳಬೇಕು. ಅಕ್ಕಿ, ಬೇಳೆ, ಉಪ್ಪು, ಎಣ್ಣೆ ಅಥವಾ ತುಪ್ಪ, ಒಂದಿಷ್ಟು ಅರಿಸಿನ, ಹುಣಸೆ: ಪಡಿಯ ಪಟ್ಟಿ ಹೆಚ್ಚುಕಡಿಮೆ ಇಷ್ಟೇ. ಬಿಹಾರದ ಭೋಜಪುರಿ ರೈತನೂ ಆರ್ಕಾಟಿನ ತಮಿಳು ಕೂಲಿಯೂ ಒಂದೇ ಅಳತೆಯ ಅಕ್ಕಿಯನ್ನು ಒಂದೇ ಬೇಳೆಯೊಂದಿಗೆ ಬೇಯಿಸಿಕೊಂಡರು. ಬೇಕಾದ್ದನ್ನು ಆರಿಸಿ ಕೊಳ್ಳುವುದಕ್ಕೆ ಕೈಯಲ್ಲಿ ಹಣವಿರಲಿಲ್ಲ, ಅಪ್ಪಣೆಯಿಲ್ಲದೆ ತೋಟದ ಗಡಿ ದಾಟುವ ಸ್ವಾತಂತ್ರ್ಯವೂ ಇರಲಿಲ್ಲ.

ಕರಾರು ಮುಗಿದ ಮೇಲೆ ನಡೆದದ್ದು ಇನ್ನೂ ಗಮನಾರ್ಹ. ಟ್ರಿನಿಡಾಡಿನಲ್ಲಿ 1869ರಿಂದ ಊರಿಗೆ ಮರಳುವ ಹಡಗಿನ ಟಿಕೆಟ್ಟಿನ ಹಕ್ಕನ್ನು ಬಿಟ್ಟುಕೊಟ್ಟವರಿಗೆ ಸರ್ಕಾರಿ ಜಮೀನು ಕೊಡುವ ಏರ್ಪಾಡು ಬಂತು. ನೆಲ ಕೈಗೆ ಬಂದದ್ದೇ ತಡ, ಜವುಗು ಜಾಗದಲ್ಲಿ ಭತ್ತ ಎದ್ದಿತು. ಗಯಾನಾದಲ್ಲಿ ಕರಾರು ಮುಗಿಸಿದ ಭಾರತೀಯರು ಬೆಳೆಸಿದ ಭತ್ತ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ರಫ್ತಿನ ಬೆಳೆಯೇ ಆಗಿಬಿಟ್ಟಿತು. ಹಿತ್ತಲಲ್ಲಿ ಬೆಳೆಯಬಲ್ಲದ್ದೆಲ್ಲ ಉಳಿದುಕೊಂಡಿತು; ಬದನೆ, ಹಾಗಲ, ಕರಿಬೇವು ಕೆರಿಬಿಯನ್ ದ್ವೀಪಗಳಲ್ಲಿ ಇಂದಿಗೂ ಇವೆ. ಹಡಗಿನಲ್ಲಿ ತರಿಸಲೇಬೇಕಾದದ್ದು ಮಾತ್ರ ಕೈಬಿಟ್ಟುಹೋಯಿತು, ಅಥವಾ ಬೇರೆಯದಕ್ಕೆ ಜಾಗ ತೆರವು ಮಾಡಿತು. ಟ್ರಿನಿಡಾಡಿನ ದಾಲ್‌ಪುರಿಯ ಹೂರಣಕ್ಕೂ ಮಾರಿಷಸ್ಸಿನ ದಾಲ್‌ಪುರಿಯ ಹೂರಣಕ್ಕೂ ಈಗ ಹಳದಿ ಬಟಾಣಿ ಬೇಳೆಯೇ ಬಳಕೆಯಲ್ಲಿದೆ. ಕೊತ್ತಂಬರಿ ಸೊಪ್ಪಿನ ಸ್ಥಾನವನ್ನು ಟ್ರಿನಿಡಾಡಿನಲ್ಲಿ ಅದೇ ಬಗೆಯ ಗಂಧವುಳ್ಳ, ಉದ್ದ ಎಲೆಯ ಸ್ಥಳೀಯ ಗಿಡವೊಂದು ಹಿಡಿಯಿತು. ಹಂಬಲವೇ ಅಂಗಡಿಯನ್ನು ಹುಟ್ಟಿಸುವುದಾದರೆ ಇಷ್ಟು ದೊಡ್ಡ ಜನಸಮೂಹದ ಹಂಬಲ ಒಂದು ಚೀಲ ತೊಗರಿಯನ್ನೋ ಕಡಲೆಯನ್ನೋ ಕಡಲು ದಾಟಿಸಿ ತರಿಸುತ್ತಲೇ ಇರಬೇಕಿತ್ತು.

ಅಮೆರಿಕದ ಪಶ್ಚಿಮ ತೀರದ ಪಂಜಾಬಿಗಳದ್ದು ಇದರ ಇನ್ನೊಂದು ಮುಖ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಹೊಲಗಳಿಗೆ ಬಂದ ಇವರು ಕೂಲಿಕರಾರಿಗೆ ಸಿಕ್ಕವರಲ್ಲ, ದುಡಿದು ಹಣ ಮಾಡುವ ಚೈತನ್ಯವಿದ್ದವರು. ಆದರೆ 1913ರ ರಾಜ್ಯ ಕಾನೂನು ಪೌರತ್ವಕ್ಕೆ ಅರ್ಹರಲ್ಲದ ವಿದೇಶೀಯರಿಗೆ ಜಮೀನಿನ ಒಡೆತನವನ್ನು ನಿರಾಕರಿಸಿತು. 1917ರ ವಲಸೆ ಕಾಯ್ದೆ ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗಕ್ಕೆ ಬಾಗಿಲು ಮುಚ್ಚಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತು. ಊರಿನಿಂದ ಹೆಂಡತಿಯನ್ನು ಕರೆಸುವಂತಿಲ್ಲ, ಹೊಸಬರು ಬರುವಂತಿಲ್ಲ. ಹಾಗಾದ ಮೇಲೆ ಅಂಗಡಿ ಇಟ್ಟರೆ ಗಿರಾಕಿ ಎಲ್ಲಿಂದ ಬರಬೇಕು? ನೂರಾರು ಪಂಜಾಬಿಗಳು ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾದರು. ಮೆಣಸಿನಕಾಯಿ, ಬೇಯಿಸಿದ ಕಾಳು, ಕಾವಲಿಯ ಮೇಲೆ ಸುಟ್ಟ ರೊಟ್ಟಿ ಎರಡೂ ಕಡೆಯವರಿಗೆ ಗೊತ್ತಿದ್ದುದರಿಂದ ಒಲೆ ಉರಿಯುವುದು ಕಷ್ಟವಾಗಲಿಲ್ಲ. ಇಂಥ ಅಡುಗೆಯನ್ನು ಇಂದು ಸಂಸ್ಕೃತಿಗಳ ಸಂಗಮವೆಂದು ಕೊಂಡಾಡುತ್ತೇವೆ. ಕೊಂಡಾಡುವುದು ತಪ್ಪಲ್ಲ. ಆದರೆ ಆ ಸಂಗಮಕ್ಕೆ ಜನರನ್ನು ದೂಡಿದ್ದು ಮುಚ್ಚಿದ ಬಾಗಿಲು ಎಂಬುದನ್ನು ಬಿಟ್ಟು ಹೇಳಿದರೆ ಕಥೆ ಅರ್ಧವಾಗುತ್ತದೆ.

ಬ್ರಿಟನ್ನಿನ ಚರಿತ್ರೆ ಬೇರೆ ದಾರಿ ಹಿಡಿಯಿತು. ಅಲ್ಲಿ ಭಾರತದ ಮಸಾಲೆ ಮೊದಲು ತಲುಪಿದ್ದು ಬಹುಮಟ್ಟಿಗೆ ಭಾರತೀಯರಿಗಾಗಿ ಅಲ್ಲ, ಭಾರತದಲ್ಲಿ ಅಧಿಕಾರ ನಡೆಸಿ ಮರಳಿದ ಬ್ರಿಟಿಷರಿಗಾಗಿ. ಎಡ್ವರ್ಡ್ ಪಾಮರ್ 1896ರಲ್ಲಿ ಭಾರತೀಯ ಆಹಾರ ಪದಾರ್ಥಗಳನ್ನು ಆಮದು ಮಾಡುವ ಸಂಸ್ಥೆ ಕಟ್ಟಿದ, 1926ರಲ್ಲಿ ಲಂಡನ್ನಿನಲ್ಲಿ ವೀರಸ್ವಾಮಿ ಹೋಟೆಲನ್ನು ತೆರೆದ. 1948ರ ರಾಷ್ಟ್ರೀಯತಾ ಕಾಯ್ದೆ ಕಾಮನ್‌ವೆಲ್ತಿನ ಜನರಿಗೆ ಬ್ರಿಟನ್ನಿಗೆ ಬಂದು ನೆಲೆಸುವ ಹಕ್ಕನ್ನು ಕೊಟ್ಟ ಮೇಲಷ್ಟೇ ದುಡಿಯುವ ಭಾರತೀಯ ಕುಟುಂಬಗಳಿಗೆ ದಿನಸಿ ಒದಗಿಸುವ ವ್ಯಾಪಾರ ಬೆಳೆಯಿತು. ಕೀನ್ಯಾದಿಂದ 1956ರಲ್ಲಿ ಬಂದ ಲಕ್ಷ್ಮೀಶಂಕರ ಪಾಠಕ್ ಮೊದಲು ಸಮೋಸ, ಸಿಹಿತಿಂಡಿ ಮಾರಿ, ಆಮೇಲೆ ಯೂಸ್ಟನ್ ರೈಲುನಿಲ್ದಾಣದ ಬಳಿಯ ಡ್ರಮಂಡ್ ಸ್ಟ್ರೀಟಿನಲ್ಲಿ ಅಂಗಡಿ ಇಟ್ಟರು. ಪಟಾಕ್ಸ್ ಎಂಬ ಉಪ್ಪಿನಕಾಯಿ, ಮಸಾಲೆಯ ಹೆಸರು ಅಲ್ಲಿಂದ ಬೆಳೆದದ್ದು. ಇಂದಿಗೂ ಬೇಳೆಕಾಳಿನ ಪೊಟ್ಟಣಗಳ ಮೇಲೆ ಕಾಣುವ ಟಿಆರ್‌ಎಸ್ ಸಂಸ್ಥೆ ಶುರುವಾದದ್ದು 1959ರಲ್ಲಿ.

ಪಾಠಕರಂತೆ ಪೂರ್ವ ಆಫ್ರಿಕದಿಂದ ಬಂದವರ ಪಾತ್ರ ಈ ವ್ಯಾಪಾರದಲ್ಲಿ ದೊಡ್ಡದು. ಅಲ್ಲಿನ ರೈಲುಮಾರ್ಗವನ್ನು 1896ರಿಂದ 1901ರವರೆಗೆ ಕಟ್ಟಲು ಬ್ರಿಟಿಷರು ಮೂವತ್ತು ಸಾವಿರಕ್ಕೂ ಹೆಚ್ಚು ಭಾರತೀಯ ಕೂಲಿಗಳನ್ನು ಕರೆದೊಯ್ದರು. ರೈಲಿನ ಹಿಂದೆಯೇ ಗುಜರಾತಿ ವ್ಯಾಪಾರಿಗಳೂ ಒಳನಾಡಿಗೆ ಹೋಗಿ ಹಳ್ಳಿಹಳ್ಳಿಯಲ್ಲಿ ಅಂಗಡಿ ಹಾಕಿದರು. ಸಾಲಕ್ಕೆ ಸರಕು ತರುವುದು, ಬಂಧುಬಳಗದ ನಂಬಿಕೆಯ ಮೇಲೆ ದೂರದ ಬಂದರಿನಿಂದ ಚೀಲ ಇಳಿಸಿಕೊಳ್ಳುವುದು, ಚಿಲ್ಲರೆ ಲಾಭದಲ್ಲಿ ಬದುಕುವುದು ಎರಡು ಮೂರು ತಲೆಮಾರಿನಲ್ಲಿ ರಕ್ತಗತವಾಯಿತು. 1972ರ ಆಗಸ್ಟಿನಲ್ಲಿ ಇದಿ ಅಮೀನ್ ತೊಂಬತ್ತು ದಿನದ ಗಡುವು ಕೊಟ್ಟು ಉಗಾಂಡದ ಏಷ್ಯನ್ನರನ್ನು ಓಡಿಸಿದಾಗ ಸುಮಾರು ಇಪ್ಪತ್ತೆಂಟು ಸಾವಿರ ಜನ ಬ್ರಿಟನ್ನಿಗೆ ಬಂದರು. ಹೆಚ್ಚಿನವರ ಕೈಯಲ್ಲಿ ಐವತ್ತು ಪೌಂಡಿನಷ್ಟು ಹಣ. ಲೆಸ್ಟರ್ ನಗರಸಭೆ ಉಗಾಂಡದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ನಮ್ಮೂರಿಗೆ ಬರಬೇಡಿ ಎಂದೇ ಕೇಳಿಕೊಂಡಿತ್ತು. ಬಂದವರು ಬೆಲ್‌ಗ್ರೇವ್ ರಸ್ತೆಯ ಖಾಲಿ ಅಂಗಡಿಗಳನ್ನು ತುಂಬಿದರು. ಅವರ ಆಸ್ತಿಯನ್ನು ಅಮೀನ್ ಕಿತ್ತುಕೊಂಡಿದ್ದ, ಕಸುಬನ್ನು ಕಿತ್ತುಕೊಳ್ಳಲು ಆಗಿರಲಿಲ್ಲ. ಕೀನ್ಯಾದಲ್ಲಿ ಬೆಳೆದ ಬೆಂಡೆ, ಹಾಗಲ, ಹಸಿಮೆಣಸಿನಕಾಯಿ ವಿಮಾನವೇರಿ ಬ್ರಿಟನ್ನಿಗೆ ಬರಲು ಕಾರಣವಾದದ್ದೂ ಈ ಎರಡು ದಂಡೆಗಳ ನಡುವಿನ ಪರಿಚಯವೇ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಇದೆಲ್ಲ ಸುತ್ತುಬಳಸಿನ ಮಾತು, ಜನ ಹೆಚ್ಚಿದ ಕಡೆ ಮಾರುಕಟ್ಟೆ ತಾನಾಗಿ ಬರುತ್ತದೆ, ಬ್ರಿಟನ್ನಿನಲ್ಲಿ ಆದದ್ದೂ ಅಷ್ಟೇ ಎನ್ನಬಹುದು. ಸಂಖ್ಯೆಗೆ ಬೆಲೆಯಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಸಂಖ್ಯೆಯೊಂದೇ ಸಾಲದು ಎನ್ನುವುದಕ್ಕೆ ಟ್ರಿನಿಡಾಡ್ ಸಾಕ್ಷಿ. ಸಂಖ್ಯೆ ಇಲ್ಲದೆಯೂ ಅಂಗಡಿ ಬರಬಹುದು ಎನ್ನುವುದಕ್ಕೆ ನ್ಯೂಯಾರ್ಕ್ ಸಾಕ್ಷಿ. ಟರ್ಕಿಯಿಂದ ಬಂದ ಆರ್ಮೇನಿಯನ್ ವ್ಯಾಪಾರಿ ಕೆರೋಪ್ ಕಲುಸ್ತ್ಯಾನ್ 1944ರಲ್ಲಿ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ ಅಂಗಡಿ ತೆರೆದಾಗ ಅಮೆರಿಕಕ್ಕೆ ಭಾರತೀಯರು ವಲಸೆ ಬರುವ ದಾರಿಯೇ ಮುಚ್ಚಿತ್ತು. 1946ರ ಕಾಯ್ದೆ ಬಾಗಿಲನ್ನು ಸಡಿಲಿಸಿದ್ದು ವರ್ಷಕ್ಕೆ ನೂರು ಜನರಿಗೆ ಮಾತ್ರ. ಆದರೂ ಜೀರಿಗೆ, ಕೊತ್ತಂಬರಿ ಬೀಜ, ಬೇಳೆಕಾಳು ಬೇಕಾದ ಭಾರತೀಯ ವಿದ್ಯಾರ್ಥಿಗಳಿಗೂ ರಾಜತಾಂತ್ರಿಕರಿಗೂ ಆ ಅಂಗಡಿ ಆಸರೆಯಾಯಿತು. ಮೆಡಿಟರೇನಿಯನ್ನಿನ ಪೂರ್ವ ದಂಡೆಯಿಂದ ಮಸಾಲೆ ತರಿಸುವ ಹಳೆಯ ಜಾಲವೊಂದು ಆರ್ಮೇನಿಯನ್ನರ ಕೈಯಲ್ಲಿ ಆಗಲೇ ಇತ್ತು. ಬೇರೆಯವರಿಗಾಗಿ ತೋಡಿದ ಕಾಲುವೆಯಲ್ಲಿ ನಮ್ಮವರಿಗೂ ನೀರು ಹರಿಯಿತು. 1965ರ ವಲಸೆ ಕಾಯ್ದೆ ರಾಷ್ಟ್ರವಾರು ಕೋಟಾವನ್ನು ತೆಗೆದುಹಾಕಿ ವೈದ್ಯರು, ಎಂಜಿನಿಯರುಗಳು ಬರತೊಡಗಿದ ಮೇಲೆ, 1974ರಲ್ಲಿ ಶಿಕಾಗೋದ ಡೆವನ್ ಅವೆನ್ಯೂದಲ್ಲಿ ಪಟೇಲ್ ಬ್ರದರ್ಸ್ ತಲೆಯೆತ್ತಿತು. ಅಂದರೆ ಹಂಬಲ ಹಳೆಯದು, ಅಂಗಡಿಯ ವಯಸ್ಸು ಕಾಯ್ದೆಯ ವಯಸ್ಸಿಗಿಂತ ಒಂಬತ್ತು ವರ್ಷ ಕಡಿಮೆ.

ಜನರಿಗೆ ಬಾಗಿಲು ತೆರೆದ ಮೇಲೂ ಗಿಡಮೂಲಿಕೆಗಳಿಗೆ ಬೇರೆ ಬಾಗಿಲುಗಳು ಇದ್ದೇ ಇರುತ್ತವೆ. ಹೊರದೇಶದ ಹಸಿ ಕರಿಬೇವನ್ನು ಅಮೆರಿಕಕ್ಕೆ ಒಯ್ಯುವಂತಿಲ್ಲ. ಇದು ನಮ್ಮ ಒಗ್ಗರಣೆಯ ಮೇಲಿನ ತಿರಸ್ಕಾರ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ನಿಜವಲ್ಲ. ಕರಿಬೇವು ನಿಂಬೆ, ಕಿತ್ತಳೆಯ ಕುಟುಂಬಕ್ಕೇ ಸೇರಿದ ಗಿಡ. ಕಿತ್ತಳೆ ತೋಟಗಳಿಗೆ ಹಸಿರುರೋಗ ಹರಡುವ ಪುಟ್ಟ ಕೀಟ ಅದರ ಮೇಲೆ ಸುಖವಾಗಿ ಬದುಕುತ್ತದೆ. ಆ ಕೀಟ ಫ್ಲಾರಿಡಾದಲ್ಲಿ 1998ರಲ್ಲಿ, ರೋಗ 2005ರಲ್ಲಿ ಪತ್ತೆಯಾಯಿತು. 2003-04ರಲ್ಲಿ 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದ ಫ್ಲಾರಿಡಾ 2023-24ರಲ್ಲಿ 2 ಕೋಟಿ ಪೆಟ್ಟಿಗೆಯನ್ನೂ ಮುಟ್ಟಲಿಲ್ಲ. ಚಂಡಮಾರುತಗಳ ಪಾಲೂ ಇದರಲ್ಲಿ ಇದೆ, ಆದರೆ ರೋಗದ ಪಾಲೇ ದೊಡ್ಡದು. ನ್ಯಾಯವಾದ ಕಾರಣವಿದ್ದರೂ ಅಡುಗೆಮನೆಯ ಮಟ್ಟಿಗೆ ನಿಷೇಧ ನಿಷೇಧವೇ. ಹಣ್ಣಿನ ಕೀಟಗಳ ಭಯದಿಂದ 1989ರಿಂದ ತಡೆದಿದ್ದ ಭಾರತದ ಮಾವಿಗೆ 2007ರಲ್ಲಿ ಅಮೆರಿಕದ ದಾರಿ ತೆರೆದದ್ದು ಹಣ್ಣಿಗೆ ವಿಕಿರಣ ಹಾಯಿಸುವ ಷರತ್ತಿನ ಮೇಲೆ, ಎರಡು ಸರ್ಕಾರಗಳ ಮಾತುಕತೆಯಿಂದ. ಕೋಲಾರ ಜಿಲ್ಲೆಯ ಮಾಲೂರಿನಲ್ಲಿ ಅಂಥ ವಿಕಿರಣ ಘಟಕವೊಂದು ಆಮೇಲೆ ಎದ್ದಿತು. ಕರಾವಳಿ ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ದುಡಿಯುವ ಅರಬ್ ಸಂಯುಕ್ತ ಸಂಸ್ಥಾನಗಳಲ್ಲಿ ಗಸಗಸೆ ಮಾದಕವಸ್ತು ಕಾನೂನಿನಡಿ ನಿಷಿದ್ಧ. ಸಿಂಗಪುರದಲ್ಲೂ ಅದೇ ಕಥೆ. ಅಲ್ಲಿ ಹೋಳಿಗೆ ಊಟಕ್ಕೆ ಗಸಗಸೆ ಪಾಯಸ ಮಾಡಬೇಕೆಂದರೆ ಎಷ್ಟು ದುಡ್ಡಿದ್ದರೂ ಪ್ರಯೋಜನವಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಸೂಕ್ಷ್ಮವಾದದ್ದು. ಕಾನೂನು, ವ್ಯಾಪಾರ ಎಲ್ಲ ಪರದೇಶದ ಮಾತು, ಊರಿನ ಅಡುಗೆಯಾದರೂ ನೆಲದಿಂದ ನೇರವಾಗಿ ಬಂದದ್ದಲ್ಲವೇ, ಹೊರಗೆ ಹೋದವರು ಕಳೆದುಕೊಂಡದ್ದು ಅದನ್ನೇ ಅಲ್ಲವೇ ಎಂದು ಕೇಳಬಹುದು. ಆದರೆ ಊರಿನ ಅಡುಗೆಯೂ ಅಷ್ಟು ಊರಿನದ್ದಲ್ಲ. ಬ್ಯಾಡಗಿಗೆ ಹೆಸರು ತಂದ ಮೆಣಸಿನಕಾಯಿ ಪೋರ್ಚುಗೀಸರ ಕಾಲದಲ್ಲಿ ಅಮೆರಿಕ ಖಂಡದಿಂದ ಬಂದದ್ದು. ಸಾರಿಗೆ ಹಾಕುವ ಇಂಗು ಶತಮಾನಗಳಿಂದ ಅಫ್ಘಾನಿಸ್ತಾನ, ಇರಾನಿನ ಕಡೆಯಿಂದ ಬರುತ್ತಿದೆ. ಅದರ ಗಿಡವನ್ನು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ವಿಜ್ಞಾನಿಗಳು ನೆಟ್ಟದ್ದು 2020ರಲ್ಲಿ. ತೊಗರಿಯ ಕಣಜವೆನಿಸಿದ ಕಲಬುರಗಿ ಇರುವ ದೇಶವೇ ಮೊಜಾಂಬಿಕ್, ತಾಂಜಾನಿಯಾ, ಮಲಾವಿ, ಮ್ಯಾನ್ಮಾರ್‌ಗಳಿಂದ ಲಕ್ಷಗಟ್ಟಲೆ ಟನ್ ತೊಗರಿ ತರಿಸುತ್ತದೆ. ಬೆಂಗಳೂರಿನ ಸಾರಿನಲ್ಲೂ ನ್ಯೂಜೆರ್ಸಿಯ ಸಾರಿನಲ್ಲೂ ಒಂದೇ ಆಫ್ರಿಕದ ಹೊಲದ ಬೇಳೆ ಬೆಂದಿರುವುದು ಅಸಾಧ್ಯವೇನಲ್ಲ. ವಲಸಿಗನಿಗೆ ಕಣ್ಣಿಗೆ ಕಾಣುವ ವ್ಯಾಪಾರದ ದಾರಿ ಊರಿನಲ್ಲಿದ್ದವನಿಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಇಂದಿನ ಅಂಗಡಿಗಳು ತುಂಬಿ ತುಳುಕುವುದನ್ನು ನೋಡಿ ಈ ಚರಿತ್ರೆ ಮುಗಿಯಿತೆಂದು ತಿಳಿಯುವಂತಿಲ್ಲ. 2006ರಲ್ಲಿ ಭಾರತ ಸರ್ಕಾರ ಬೇಳೆಕಾಳುಗಳ ರಫ್ತನ್ನು ನಿಲ್ಲಿಸಿತು. ತೊಗರಿಯ ಮೇಲಿನ ನಿಷೇಧ ತೆರವಾದದ್ದು 2017ರಲ್ಲಿ. 2023ರ ಜುಲೈ 20ರಂದು ಬಾಸುಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ತಡೆದಾಗ ಅಮೆರಿಕದ ಭಾರತೀಯ ಅಂಗಡಿಗಳ ಮುಂದೆ ಸಾಲುಗಳು ನಿಂತವು, ಕೆಲವರು ಗಿರಾಕಿಗೆ ಇಷ್ಟೇ ಚೀಲ ಎಂದು ಮಿತಿ ಹಾಕಿದರು. ಜನ ಮುಗಿಬಿದ್ದದ್ದು ಮುಖ್ಯವಾಗಿ ಸೋನಾ ಮಸೂರಿಗೆ, ಅಂದರೆ ಸಿಂಧನೂರು, ಗಂಗಾವತಿ ಸೀಮೆಯಲ್ಲಿ ತುಂಗಭದ್ರೆಯ ನೀರಿನಿಂದ ಬೆಳೆಯುವ ಬಗೆಯ ಅಕ್ಕಿಗೆ. ಆ ವಾರ ಯಾರ ರುಚಿಯೂ ಬದಲಾಗಿರಲಿಲ್ಲ, ಬದಲಾದದ್ದು ದೆಹಲಿಯ ಒಂದು ಆದೇಶ. ಒಳನಾಡಿನ ಬೆಲೆಯೇರಿಕೆಯನ್ನು ತಡೆಯಲು ಹೊರಡಿಸಿದ್ದು ಎಂಬ ಸಮರ್ಥನೆ ಅದಕ್ಕಿತ್ತು; 2024ರ ಸೆಪ್ಟೆಂಬರಿನಲ್ಲಿ ಅದು ತೆರವಾಯಿತು. ತೋಟದ ಮಾಲೀಕನ ಪಡಿಚೀಟಿಯಿಂದ ಈ ಆದೇಶದವರೆಗೆ ಅಧಿಕಾರದ ರೂಪ ತುಂಬ ಸೌಮ್ಯವಾಗಿದೆ, ನಿಜ. ಆಯ್ಕೆಯೂ ಸಾವಿರ ಪಟ್ಟು ಹಿಗ್ಗಿದೆ. ಆದರೂ ವಲಸಿಗರ ಅಡುಗೆಯ ಚರಿತ್ರೆ ಬರೆಯುವವರು ಪಾಕವಿಧಾನದ ಪುಸ್ತಕಗಳ ಜೊತೆಗೆ ಹಡಗಿನ ಸರಕುಪಟ್ಟಿಯನ್ನೂ ವಲಸೆ ಕಾಯ್ದೆಯನ್ನೂ ಸುಂಕದ ಕಟ್ಟೆಯ ನಿಯಮಾವಳಿಯನ್ನೂ ಓದಬೇಕಾಗುತ್ತದೆ. ಹಾಗೆ ಓದದಿದ್ದರೆ ತೊಗರಿ ಸಿಗದೆ ಬಟಾಣಿ ಬೇಯಿಸಿದವರನ್ನು ಸಂಪ್ರದಾಯ ಮರೆತವರೆಂದೂ, ತೊಗರಿ ಸಿಕ್ಕವರನ್ನು ಸಂಪ್ರದಾಯ ಉಳಿಸಿದವರೆಂದೂ ಕರೆಯುವ ಅನ್ಯಾಯ ನಮ್ಮಿಂದ ನಡೆದೀತು.